ಸುದ್ದಿ ತಣ್ಣಗಾದ ಮೇಲೆ ದೂರದ ಊರಿಗೆ ಹೇಗೆ ನೆರವಾಗುವುದು?

ಪ್ರಶ್ನೆ: ನಾವು ಒಂದೇ ಕಡೆ ಕೆಲಸ ಮಾಡುವ ಗೆಳೆಯರ ಗುಂಪು. ಮೂರು ವಾರದ ಹಿಂದೆ ನಮ್ಮಿಂದ ತುಂಬಾ ದೂರದ ಗುಡ್ಡಗಾಡು ಪ್ರದೇಶದಲ್ಲಿ ದೊಡ್ಡ ಭೂಕಂಪವಾಯಿತು. ಅಲ್ಲಿ ನಮಗೆ ಯಾರೂ ಪರಿಚಯವಿಲ್ಲ. ಆದರೂ ಮನಸ್ಸು ತಡೆಯದೆ ಹಣ ಸೇರಿಸಿದೆವು. ಒಂದು ಕೋಣೆ ತುಂಬ ಬಟ್ಟೆ, ಔಷಧಿಯೂ ಬಂದಿದೆ. ಕೆಲವರು ತಕ್ಷಣ ಲಾರಿ ಕಳಿಸೋಣ ಎನ್ನುತ್ತಾರೆ. ಕೆಲವರು ನಾವೇ ಹೋಗಿ ಮನೆ ಕಟ್ಟಿಕೊಡೋಣ ಎನ್ನುತ್ತಾರೆ. ಅನಾಥ ಮಕ್ಕಳಿಗೆ ಒಂದು ಆಶ್ರಮ ಮಾಡುವ ಮಾತೂ ಬಂದಿದೆ. ಈಗ ಟಿವಿಯಲ್ಲಿ ಆ ಸುದ್ದಿಯೇ ಇಲ್ಲ. ನಾವು ತಡ ಮಾಡಿಬಿಟ್ಟೆವಾ? ಯಾವುದು ನಿಜವಾಗಿ ಉಪಯೋಗಕ್ಕೆ ಬರುತ್ತದೆ?

ಉತ್ತರ: ನೀವು ತಡ ಮಾಡಿಲ್ಲ. ನಿಮ್ಮಂಥ ಗುಂಪಿನ ಕೆಲಸ ಇನ್ನೂ ಶುರುವೇ ಆಗಿಲ್ಲ.

ಭೂಕಂಪದಲ್ಲಿ ಅವಶೇಷದ ಕೆಳಗೆ ಸಿಕ್ಕಿಕೊಂಡವರಲ್ಲಿ ಬದುಕಿ ಹೊರಬರುವ ಬಹುಪಾಲು ಜನರನ್ನು ಎಳೆದು ತೆಗೆಯುವವರು ಅಕ್ಕಪಕ್ಕದ ಮನೆಯವರು. ಅದು ಮೊದಲ ಕೆಲವು ಗಂಟೆಗಳಲ್ಲೇ ನಡೆದುಹೋಗುತ್ತದೆ. ಆಮೇಲಿನ ಒಂದೆರಡು ತಿಂಗಳು ಆಹಾರ, ನೀರು, ಟಾರ್ಪಾಲು, ಚಿಕಿತ್ಸೆಯ ಕಾಲ. ಇದನ್ನು ಸರ್ಕಾರ, ಸೇನೆ, ದೊಡ್ಡ ಸಂಸ್ಥೆಗಳು ನೋಡಿಕೊಳ್ಳುತ್ತವೆ. ಅದಾದ ಮೇಲೆ ಬರುವುದು ಚೇತರಿಕೆ. ಮನೆ ಕಟ್ಟುವುದು, ಸಾಲ ತೀರಿಸುವುದು, ಹೊಲಕ್ಕೆ ಮರಳುವುದು, ಶಾಲೆ ಮತ್ತೆ ನಡೆಯುವುದು. ಇದಕ್ಕೆ ಮೂರು ವರ್ಷ ಹಿಡಿಯಬಹುದು, ಹತ್ತು ವರ್ಷವೂ ಹಿಡಿಯಬಹುದು. ಹಣ ಮಾತ್ರ ಮೊದಲ ಕೆಲವು ವಾರಗಳಲ್ಲೇ ಹರಿದುಬರುತ್ತದೆ, ಆಮೇಲೆ ಬತ್ತುತ್ತದೆ. ಇದಕ್ಕೆ ಕಾರಣ ಹೆಚ್ಚಾಗಿ ಸುದ್ದಿ. ಅಮೆರಿಕ ಸರ್ಕಾರ ಕೊಟ್ಟ ವಿಪತ್ತು ನೆರವಿನ ಲೆಕ್ಕ ನೋಡಿದ ಇಬ್ಬರು ಅರ್ಥಶಾಸ್ತ್ರಜ್ಞರು 2007ರಲ್ಲಿ ಒಂದು ವಿಷಯ ತೋರಿಸಿದರು. ಒಲಿಂಪಿಕ್ಸ್‌ನಂಥ ದೊಡ್ಡ ಸುದ್ದಿ ನಡೆಯುವಾಗ ಆದ ವಿಪತ್ತುಗಳಿಗೆ ನೆರವು ಸಿಗುವ ಸಾಧ್ಯತೆಯೇ ಕಡಿಮೆ. ಅಲ್ಲಿನ ಜನರ ಕಷ್ಟವೇನೂ ಕಡಿಮೆ ಇರುವುದಿಲ್ಲ. ನೋಡುವವರು ಬೇರೆ ಕಡೆ ನೋಡುತ್ತಿರುತ್ತಾರೆ, ಅಷ್ಟೇ.

ಹಾಗಾಗಿ ನನ್ನ ಸಲಹೆ ಇಷ್ಟು. ಇಡೀ ಪ್ರದೇಶಕ್ಕೆ ಕೈ ಚಾಚಬೇಡಿ. ಒಂದು ಊರು, ಅಥವಾ ಒಂದು ಕಣಿವೆಯ ನಾಲ್ಕೈದು ಹಳ್ಳಿ ಆರಿಸಿಕೊಳ್ಳಿ. ಹಣದಲ್ಲಿ ಹೆಚ್ಚು ಪಾಲನ್ನು ಎರಡನೇ, ಮೂರನೇ ವರ್ಷಕ್ಕೆ ಇಟ್ಟುಕೊಳ್ಳಿ. ಅಲ್ಲಿ ಮೊದಲಿನಿಂದಲೂ ಇರುವವರ ಮೂಲಕವೇ ಕೊಡಿ. ಉಳಿದ ಎಲ್ಲ ಪ್ರಶ್ನೆಗಳಿಗೂ ಉತ್ತರ ಇದರಿಂದಲೇ ಬರುತ್ತದೆ.

ಮೊದಲು ಆ ಕೋಣೆಯ ವಿಷಯ. ಲಾರಿ ಕಳಿಸಬೇಡಿ. ಭೂಕಂಪವಾದ ಜಾಗದಲ್ಲಿ ಸಾಮಾನಿಗಿಂತ ದಾರಿಯದ್ದೇ ದೊಡ್ಡ ಕೊರತೆ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭೂಮಿ ನಡುಗಿದಾಗ ಕಠ್ಮಂಡು ವಿಮಾನ ನಿಲ್ದಾಣದಲ್ಲಿ ಇದ್ದದ್ದು ಒಂದೇ ರನ್‌ವೇ. ಅದೂ ಹಾಳಾಗತೊಡಗಿ, ಭಾರೀ ವಿಮಾನಗಳನ್ನು ಸ್ವಲ್ಪ ಕಾಲ ತಡೆಯಬೇಕಾಯಿತು. ಸಾಮಾನು ನಿಲ್ದಾಣದಲ್ಲಿ ರಾಶಿ ಬಿದ್ದಿತ್ತು, ಮೇಲಿನ ಹಳ್ಳಿಗಳು ಕಾಯುತ್ತಿದ್ದವು. ಗುಡ್ಡದ ಕಿರಿದಾದ ರಸ್ತೆಯಲ್ಲಿ ಹಳೆ ಬಟ್ಟೆಯ ಲಾರಿಯೊಂದು ನಿಂತರೆ ಅದರ ಹಿಂದೆ ಅಕ್ಕಿಯ ಲಾರಿಯೂ ನಿಲ್ಲುತ್ತದೆ. ಬಂದದ್ದನ್ನು ಇಳಿಸಲು, ವಿಂಗಡಿಸಲು, ಮಳೆಯಿಂದ ಕಾಪಾಡಲು ಜನ ಬೇಕು. ಆ ಜನ ಅವತ್ತು ತಮ್ಮ ಮನೆಯ ಕಲ್ಲು ಎತ್ತುತ್ತಿರುತ್ತಾರೆ.

ಔಷಧಿ ಇನ್ನೂ ಸೂಕ್ಷ್ಮ. 1988ರ ಅರ್ಮೇನಿಯಾ ಭೂಕಂಪದ ನಂತರ ಸುಮಾರು 5,000 ಟನ್ ಔಷಧಿ ಮತ್ತು ವೈದ್ಯಕೀಯ ಸಾಮಗ್ರಿ ಅಲ್ಲಿಗೆ ಹೋಯಿತು. ಏನೇನು ಬಂದಿದೆ ಎಂದು ತಿಳಿಯಲು 50 ಜನ ಆರು ತಿಂಗಳು ಕೆಲಸ ಮಾಡಬೇಕಾಯಿತು. ಶೇ. 8ರಷ್ಟು ಔಷಧಿಗಳ ಅವಧಿ ಬರುವಾಗಲೇ ಮುಗಿದಿತ್ತು, ಶೇ. 4ರಷ್ಟು ಹಿಮಕ್ಕೆ ಹಾಳಾಗಿದ್ದವು. ಉಳಿದದ್ದರಲ್ಲಿ ತುರ್ತಿಗೆ ಬೇಕಾದದ್ದು ಅರ್ಧಕ್ಕಿಂತ ಕಡಿಮೆ. ಇಂಥ ಅನುಭವಗಳಿಂದಲೇ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧ ದಾನಕ್ಕೆ ನಿಯಮಗಳನ್ನು ಹೊರಡಿಸಿತು. ಕೇಳದೆ ಕಳಿಸಬಾರದು, ಜನರಿಗೆ ಕೊಟ್ಟು ವಾಪಸ್ ಬಂದ ಔಷಧಿ ಕಳಿಸಬಾರದು, ತಲುಪುವಾಗ ಅವಧಿ ಕನಿಷ್ಠ ಒಂದು ವರ್ಷವಾದರೂ ಉಳಿದಿರಬೇಕು. ನಿಮ್ಮ ಕೋಣೆಯಲ್ಲಿರುವ ಅರ್ಧ ಬಳಸಿದ ಮಾತ್ರೆ ಪಟ್ಟಿಗಳು ಈ ಮೂರಕ್ಕೂ ಹೊಂದುವುದಿಲ್ಲ. ಅವನ್ನು ನಿಮ್ಮೂರಿನ ಔಷಧಿ ಅಂಗಡಿಯವರನ್ನು ಕೇಳಿ ಸರಿಯಾಗಿ ವಿಲೇವಾರಿ ಮಾಡಿ. ಬಟ್ಟೆಯನ್ನು ನಿಮ್ಮಲ್ಲೇ ಮಾರಿ, ಬಂದ ಹಣವನ್ನು ನಿಧಿಗೆ ಸೇರಿಸಿ. ಕೊಟ್ಟವರಿಗೆ ಹೀಗೆ ಮಾಡಿದ್ದೇವೆ ಎಂದು ತಿಳಿಸಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರಿಗೂ ಬೇಕಿದ್ದದ್ದು ಅಲ್ಲಿನವರಿಗೆ ಒಳ್ಳೆಯದಾಗುವುದೇ ಅಲ್ವಾ?

ಸಾಮಾನು ಕಳಿಸಲೇಬೇಕಾದ ಸಂದರ್ಭವೂ ಒಂದಿದೆ. ಅಲ್ಲಿನವರೇ ಪಟ್ಟಿ ಬರೆದು ಕಳಿಸಿರಬೇಕು, ಆ ಸಾಮಾನು ಅಲ್ಲಿನ ಮಾರುಕಟ್ಟೆಯಲ್ಲಿ ಸಿಗುತ್ತಿರಬಾರದು, ಇಳಿಸಿಕೊಳ್ಳಲು ಒಬ್ಬರು ನಿಂತಿರಬೇಕು. ಮೂರೂ ಇದ್ದರೆ ಕಳಿಸಿ.

ಈಗ ಹಣ. ಅಂಗಡಿಗಳು ನಾವು ಅಂದುಕೊಂಡದ್ದಕ್ಕಿಂತ ಬೇಗ ತೆರೆಯುತ್ತವೆ. ತೆರೆದ ಮೇಲೂ ಪುಕ್ಕಟೆ ಸಾಮಾನು ಬರುತ್ತಲೇ ಇದ್ದರೆ, ಸಾಲ ಮಾಡಿ ಬಾಗಿಲು ತೆಗೆದ ಅಂಗಡಿಯವನ ವ್ಯಾಪಾರ ಬೀಳುತ್ತದೆ. ಅವನೂ ಸಂತ್ರಸ್ತನೇ. ಹಣ ನೇರವಾಗಿ ಮನೆಗೆ ಸೇರಿದರೆ ಒಬ್ಬರು ತಗಡು ಕೊಳ್ಳುತ್ತಾರೆ, ಇನ್ನೊಬ್ಬರು ಮೇಕೆ ಕೊಳ್ಳುತ್ತಾರೆ, ಮತ್ತೊಬ್ಬರು ಮಗಳ ಶಾಲೆಯ ಶುಲ್ಕ ಕಟ್ಟುತ್ತಾರೆ. ಇದನ್ನು ಹೊರಗಿನ ಯಾವ ಸಮಿತಿಯೂ ಕೂತು ನಿರ್ಧರಿಸಲು ಆಗದು. ನಗದು ಕೊಟ್ಟರೆ ಕುಡಿದು ಹಾಳು ಮಾಡುತ್ತಾರೆ ಎಂಬ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ನಿಮ್ಮ ಸಭೆಯಲ್ಲೂ ಬಂದಿರಬಹುದು. ವಿಶ್ವಬ್ಯಾಂಕಿನ ಇಬ್ಬರು ಸಂಶೋಧಕರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಇದನ್ನೇ ಪರಿಶೀಲಿಸಿದರು. ನಗದು ನೆರವಿನಿಂದ ಮದ್ಯ, ತಂಬಾಕಿನ ಖರ್ಚು ಹೆಚ್ಚಾದದ್ದು ಕಾಣಲಿಲ್ಲ. ಹಾಗಂತ ಎಲ್ಲ ಕಡೆಯೂ ನಗದೇ ಸರಿ ಅಂತಲ್ಲ. ಸಂತೆಗೆ ಹೋಗುವ ಸೇತುವೆಯೇ ಬಿದ್ದಿದ್ದರೆ ಕೈಯಲ್ಲಿ ನೋಟಿದ್ದು ಏನು ಪ್ರಯೋಜನ? ಅಂಥ ಕಡೆ ಮೊದಲು ಧಾನ್ಯ ಹೋಗಬೇಕು.

ಹಣವನ್ನು ಯಾರ ಮೂಲಕ ಕೊಡುವುದು ಎಂಬುದೇ ನಿಮ್ಮ ಮುಂದಿರುವ ಕಷ್ಟದ ಕೆಲಸ. ಇದಕ್ಕೆ ಸಮಯ ಕೊಡಿ. ವಿಪತ್ತು ಆಗುವ ಮೊದಲೇ ಅಲ್ಲಿ ಕೆಲಸ ಮಾಡುತ್ತಿದ್ದ ಸಂಸ್ಥೆ ಹುಡುಕಿ. ಅದು ಮಹಿಳೆಯರ ಉಳಿತಾಯ ಸಂಘ ಇರಬಹುದು, ರೈತರ ಸಹಕಾರ ಸಂಘ ಇರಬಹುದು, ಸಣ್ಣ ಆಸ್ಪತ್ರೆ ಇರಬಹುದು. ಅವರ ಹೆಸರು ನಿಮಗೆ ಜಾಹೀರಾತಿನಲ್ಲಿ ಸಿಗುವುದಿಲ್ಲ. ಆ ಪ್ರದೇಶದಲ್ಲಿ ಮೊದಲು ಕೆಲಸ ಮಾಡಿದ ಶಿಕ್ಷಕರು, ವೈದ್ಯರು, ಅಲ್ಲಿಂದ ದುಡಿಯಲು ಹೊರಗೆ ಬಂದವರನ್ನು ಕೇಳಿ. ಇಬ್ಬರು ಮೂವರು ಬೇರೆ ಬೇರೆಯಾಗಿ ಒಂದೇ ಹೆಸರು ಹೇಳಿದರೆ ಅಲ್ಲಿಗೆ ಫೋನ್ ಮಾಡಿ.

ಫೋನ್‌ನಲ್ಲಿ ಏನು ಬೇಕು ಎಂದು ಕೇಳುವ ಮೊದಲು ಏನು ಬೇಡ ಎಂದು ಕೇಳಿ ನೋಡಿ. ಎಲ್ಲಕ್ಕೂ ಹೂಂ ಎನ್ನುವವರಿಗಿಂತ, ಇದು ಬೇಡ, ಇನ್ನು ಆರು ತಿಂಗಳು ಬಿಟ್ಟು ಕೊಡಿ ಎನ್ನುವವರನ್ನು ನಾನು ಜಾಸ್ತಿ ನಂಬುತ್ತೇನೆ. ಹಿಂದಿನ ವರ್ಷಗಳ ಲೆಕ್ಕಪತ್ರ ಕೇಳಿ. ಸಂಕೋಚ ಬೇಡ, ಒಳ್ಳೆಯ ಸಂಸ್ಥೆಗೆ ಅದು ಅವಮಾನ ಅಲ್ಲ. ಆಮೇಲೆ, ಯಾರ ಮನೆಗೆ ಇನ್ನೂ ಏನೂ ತಲುಪಿಲ್ಲ ಎಂದು ಕೇಳಿ. ಈ ಪ್ರಶ್ನೆಗೆ ಅವರ ಬಳಿ ಉತ್ತರ ಇರಬೇಕು. ಯಾಕೆಂದರೆ ಪ್ರತಿ ವಿಪತ್ತಿನಲ್ಲೂ ಪಟ್ಟಿಯಿಂದ ಬಿದ್ದುಹೋಗುವವರು ಹೆಚ್ಚುಕಡಿಮೆ ಅವರೇ. ಬಾಡಿಗೆ ಮನೆಯವರು, ಜಮೀನಿಗೆ ಪತ್ರ ಇಲ್ಲದವರು, ಗಂಡನ ಹೆಸರಲ್ಲಿ ಮನೆ ಇದ್ದು ಈಗ ಗಂಡನಿಲ್ಲದವರು, ನಡೆಯಲಾಗದವರು, ರಸ್ತೆಯಿಂದ ತುಂಬಾ ಮೇಲೆ ಇರುವವರು. ಪರಿಹಾರ ಕೊಡುವವರು ದಾಖಲೆ ಕೇಳುತ್ತಾರೆ. ದಾಖಲೆ ಅವಶೇಷದ ಕೆಳಗಿರುತ್ತದೆ, ಅಥವಾ ಮೊದಲಿಂದಲೂ ಇರುವುದೇ ಇಲ್ಲ. ಒಬ್ಬ ವ್ಯಕ್ತಿಗೆ ಎರಡು ವರ್ಷ ಸಂಬಳ ಕೊಟ್ಟು ಇಂಥವರ ಅರ್ಜಿ ಬರೆಸುವ, ಕಚೇರಿಗೆ ಕರೆದೊಯ್ಯುವ ಕೆಲಸ ಕೊಟ್ಟರೆ, ಸರ್ಕಾರದಿಂದ ಅವರಿಗೆ ಬರಬೇಕಾದ ಹಣ ಬರುತ್ತದೆ. ಅದು ನೀವು ಕೊಟ್ಟ ಸಂಬಳದ ಎಷ್ಟೋ ಪಟ್ಟು ಇರುತ್ತದೆ. ಸಣ್ಣ ಗುಂಪಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ.

ಅದಕ್ಕೇ, ‘ನಮ್ಮ ಹಣದಲ್ಲಿ ಒಂದು ಪೈಸೆಯೂ ಸಂಬಳಕ್ಕೆ, ಕಚೇರಿ ಖರ್ಚಿಗೆ ಹೋಗಬಾರದು’ ಎಂಬ ಷರತ್ತು ಹಾಕಬೇಡಿ. ಲೆಕ್ಕ ಇಡುವವರಿಗೆ, ಬೆಟ್ಟ ಹತ್ತಿ ಮನೆ ಮನೆಗೆ ಹೋಗುವವರಿಗೆ ಸಂಬಳ ಬೇಕು. ಅವರಲ್ಲಿ ಹಲವರ ಮನೆಯೂ ಬಿದ್ದಿದೆ ಎಂಬುದು ನೆನಪಿರಲಿ. 2016ರಲ್ಲಿ ದೊಡ್ಡ ದಾನಿ ದೇಶಗಳೂ ನೆರವು ಸಂಸ್ಥೆಗಳೂ ಸೇರಿ ‘ಗ್ರ್ಯಾಂಡ್ ಬಾರ್ಗೇನ್’ ಎಂಬ ಒಪ್ಪಂದ ಮಾಡಿಕೊಂಡವು. 2020ರ ಹೊತ್ತಿಗೆ ನೆರವಿನ ಹಣದಲ್ಲಿ ಕನಿಷ್ಠ ಶೇ. 25ರಷ್ಟನ್ನು ಸಾಧ್ಯವಾದಷ್ಟು ನೇರವಾಗಿ ಸ್ಥಳೀಯರಿಗೆ ಕೊಡುತ್ತೇವೆ ಎಂದು ಹೇಳಿಕೊಂಡವು. ಆ ಗುರಿಯ ಹತ್ತಿರಕ್ಕೂ ಬರಲಿಲ್ಲ. ದೊಡ್ಡವರಿಗೆ ಸಣ್ಣ ಸಂಸ್ಥೆಯ ಜೊತೆ ಕೂತು ಕೆಲಸ ಮಾಡುವುದು ಕಷ್ಟ. ನಿಮಗೆ ಕಷ್ಟವಲ್ಲ.

ಮನೆ ಕಟ್ಟಿಕೊಡುವ ಆಸೆ ನನಗೆ ಅರ್ಥವಾಗುತ್ತದೆ. ಕಣ್ಣಿಗೆ ಕಾಣುವಂಥದ್ದು, ಕೈಯಾರೆ ಮಾಡುವಂಥದ್ದು. ಆದರೆ ಹೊರಗಿನವರು ಕಟ್ಟಿದ ಮನೆಗಳ ಕಥೆ ಅಷ್ಟು ಚೆನ್ನಾಗಿಲ್ಲ. 1993ರ ಸೆಪ್ಟೆಂಬರ್ 30ರ ಲಾತೂರ್ ಭೂಕಂಪದ ನಂತರ 52 ಹಳ್ಳಿಗಳನ್ನು ಪೂರ್ತಿಯಾಗಿ ಬೇರೆ ಕಡೆಗೆ ಸಾಗಿಸಿದರು. ಅಗಲ ರಸ್ತೆ, ಸಾಲು ಮನೆ, ಪಟ್ಟಣದ ಬಡಾವಣೆಯ ಹಾಗೆ. ಹೊಲ ದೂರವಾಯಿತು. ದನ ಕಟ್ಟಲು, ಕಾಳು ಇಡಲು, ನೇಗಿಲು ಇಡಲು ಜಾಗ ಎಲ್ಲಿ ಎಂದು ಯಾರೂ ಯೋಚಿಸಿರಲಿಲ್ಲ. 2001ರ ಗುಜರಾತ್ ಭೂಕಂಪದ ನಂತರ ಸರ್ಕಾರ ಬೇರೆ ದಾರಿ ಹಿಡಿಯಿತು. ಬಹುಪಾಲು ಕುಟುಂಬಗಳಿಗೆ ಕಂತುಗಳಲ್ಲಿ ಹಣ ಕೊಟ್ಟು, ಎಂಜಿನಿಯರುಗಳ ಮಾರ್ಗದರ್ಶನ ಕೊಟ್ಟು, ನಿಮ್ಮ ಮನೆ ನೀವೇ ಕಟ್ಟಿಕೊಳ್ಳಿ ಎಂದಿತು. ಒಂದು ಹಂತ ಸರಿಯಾಗಿ ಮುಗಿದದ್ದನ್ನು ನೋಡಿದ ಮೇಲೆ ಮುಂದಿನ ಕಂತು. ಆಮೇಲೆ ನಡೆದ ಅಧ್ಯಯನಗಳಲ್ಲಿ ಗುತ್ತಿಗೆದಾರರು ಕಟ್ಟಿಕೊಟ್ಟ ಮನೆಗಳವರಿಗಿಂತ ಹೀಗೆ ತಾವೇ ಕಟ್ಟಿಕೊಂಡವರು ತಮಗೆ ಹೆಚ್ಚು ಸಮಾಧಾನವಿದೆ ಎಂದರು. ನೇಪಾಳವೂ ಇದೇ ದಾರಿಯಲ್ಲಿ ಪ್ರತಿ ಕುಟುಂಬಕ್ಕೆ 3 ಲಕ್ಷ ನೇಪಾಳಿ ರೂಪಾಯಿ ಕಂತುಗಳಲ್ಲಿ ಕೊಟ್ಟಿತು.

ಈ ದಾರಿಯಲ್ಲೂ ಕೆಲವರು ಹಿಂದೆ ಬೀಳುತ್ತಾರೆ. ಮೊದಲ ಕಂತು ಬರುವ ಮೊದಲೇ ಪಾಯ ಹಾಕಲು ಕೈಯಲ್ಲಿ ಹಣವಿಲ್ಲದವರು, ದುಡಿಯುವ ವಯಸ್ಸಿನ ಯಾರೂ ಇಲ್ಲದ ಮುದುಕರು, ಸಿಮೆಂಟಿನ ಬೆಲೆಗಿಂತ ಅದನ್ನು ಹೊತ್ತು ತರುವ ಕೂಲಿಯೇ ಜಾಸ್ತಿಯಾಗುವ ಎತ್ತರದ ಹಳ್ಳಿಯವರು. ನಿಮ್ಮ ಹಣ ಹೋಗಬೇಕಾದದ್ದು ಇಲ್ಲಿಗೆ. ಇನ್ನೊಂದು, ಮೇಸ್ತ್ರಿಗಳ ತರಬೇತಿ. ಕಲ್ಲಿನ ಗೋಡೆ ಅಂದರೆ ಅಪಾಯ ಅಂತೇನಿಲ್ಲ. ಒಳಮೈ ಹೊರಮೈ ಎರಡನ್ನೂ ಹಿಡಿದಿಡುವ ಉದ್ದಕಲ್ಲುಗಳನ್ನು ನಡುನಡುವೆ ಇಡದೆ, ಮಣ್ಣಿನಲ್ಲಿ ಕೂರಿಸಿ, ಮೇಲೆ ಭಾರೀ ಮಣ್ಣಿನ ಮಾಳಿಗೆ ಹೊರಿಸಿದರೆ ಗೋಡೆ ಸೀಳಿ ಮಾಳಿಗೆ ತಲೆ ಮೇಲೆ ಬೀಳುತ್ತದೆ. ಲಾತೂರಿನಲ್ಲಿ ಸಾವಿರಾರು ಜನ ಸತ್ತದ್ದು ಹೀಗೆ. ಪಾಯದ ಮೇಲೆ, ಬಾಗಿಲ ಮೇಲೆ, ಮಾಡಿನ ಕೆಳಗೆ ಮನೆಯ ಸುತ್ತ ಬಿಡದೆ ಹೋಗುವ ಕಾಂಕ್ರೀಟಿನ ಅಥವಾ ಮರದ ಪಟ್ಟಿ ಹಾಕಿದರೆ, ಮೂಲೆಗಳನ್ನು ಒಂದಕ್ಕೊಂದು ಕಟ್ಟಿದರೆ, ಮಾಡು ಹಗುರ ಮಾಡಿದರೆ ಅದೇ ಊರಿನ ಕಲ್ಲಿನಲ್ಲೇ ಗಟ್ಟಿ ಮನೆ ಆಗುತ್ತದೆ. ಇದನ್ನು ಕಲಿತ ಮೇಸ್ತ್ರಿ ಆ ಊರಿನಲ್ಲೇ ಇರುತ್ತಾನೆ, ಮುಂದಿನ ಮೂವತ್ತು ವರ್ಷ ಕಟ್ಟುತ್ತಾನೆ. ಹೆಂಗಸರಿಗೂ ಈ ತರಬೇತಿ ಕೊಡಿಸಿ. ಗಂಡಸರು ದುಡಿಯಲು ಹೊರದೇಶಕ್ಕೆ ಹೋಗಿರುವ ಹಳ್ಳಿಗಳಲ್ಲಿ ಕಟ್ಟುವವರೇ ಸಿಗುವುದಿಲ್ಲ.

ಮನೆಯಷ್ಟೇ ಮುಖ್ಯವಾದದ್ದು ನೆರೆಹೊರೆ. ಜಪಾನಿನ ಎರಡು ಭೂಕಂಪ ಇದನ್ನು ಚೆನ್ನಾಗಿ ತೋರಿಸುತ್ತವೆ. 1995ರಲ್ಲಿ ಕೋಬೆ ನಗರದಲ್ಲಿ ತಾತ್ಕಾಲಿಕ ಮನೆಗಳನ್ನು ವೃದ್ಧರಿಗೆ, ಅಂಗವಿಕಲರಿಗೆ ಮೊದಲ ಆದ್ಯತೆ ಕೊಟ್ಟು ಲಾಟರಿ ಎತ್ತಿ ಹಂಚಿದರು. ನ್ಯಾಯವಾಗಿಯೇ ಕಾಣುತ್ತದೆ. ಆದರೆ ಆ ವಯಸ್ಸಾದ ಜನ ತಮ್ಮ ಬೀದಿಯಿಂದ ಬೇರೆಯಾಗಿ, ಯಾರೂ ಗುರುತಿಲ್ಲದ ಕಡೆ ಒಬ್ಬೊಬ್ಬರೇ ಉಳಿದರು. ಮುಂದಿನ ವರ್ಷಗಳಲ್ಲಿ ಆ ತಾತ್ಕಾಲಿಕ ಮನೆಗಳಲ್ಲಿ 200ಕ್ಕೂ ಹೆಚ್ಚು ಜನ ಯಾರ ಗಮನಕ್ಕೂ ಬಾರದೆ ಒಂಟಿಯಾಗಿ ಸತ್ತರು. 2004ರಲ್ಲಿ ನೀಗಾತ ಪ್ರಾಂತ್ಯದ ಯಮಕೋಷಿ ಎಂಬ ಬೆಟ್ಟದ ಊರನ್ನು ಪೂರ್ತಿ ಖಾಲಿ ಮಾಡಿಸಬೇಕಾಯಿತು. ಆಗ ಕೇರಿ ಕೇರಿಯನ್ನೇ ಒಟ್ಟಿಗೆ ಇಟ್ಟು ಮನೆ ಕೊಟ್ಟರು. ನೆರೆಯವರು ನೆರೆಯವರಾಗಿಯೇ ಉಳಿದರು. ಕೆಲವು ವರ್ಷಗಳಲ್ಲಿ ಬಹುಪಾಲು ಜನ ಬೆಟ್ಟಕ್ಕೆ ಮರಳಿದರು. ನಿಮ್ಮ ಹಣ ಹೋಗುವ ಊರಿನಲ್ಲಿ ಸಭೆ ಸೇರಲು ಒಂದು ಚಪ್ಪರ, ಹಬ್ಬ ಮಾಡಲು ಸ್ವಲ್ಪ ಹಣ ಬೇಕೆಂದು ಕೇಳಿದರೆ ಅದನ್ನು ದುಂದು ಎಂದುಕೊಳ್ಳಬೇಡಿ.

ದುಡಿಮೆಯ ವಿಷಯಕ್ಕೆ ಬಂದರೆ, ಅಲ್ಲಿನ ಬೆಳೆಯ, ಕಸುಬಿನ ಕಾಲ ತಿಳಿದುಕೊಂಡು ಕೊಡಿ. 2013ರ ನವೆಂಬರ್‌ನಲ್ಲಿ ಹೈಯಾನ್ ಚಂಡಮಾರುತ ಫಿಲಿಪ್ಪೀನ್ಸ್‌ನಲ್ಲಿ ಸುಮಾರು 3 ಕೋಟಿ 30 ಲಕ್ಷ ತೆಂಗಿನ ಮರಗಳನ್ನು ಉರುಳಿಸಿತು ಅಥವಾ ಹಾಳು ಮಾಡಿತು. ಹೊಸ ಸಸಿ ಫಸಲು ಕೊಡಲು ಆರರಿಂದ ಎಂಟು ವರ್ಷ ಬೇಕು. ಸಸಿ ಹಂಚಿ ಫೋಟೋ ತೆಗೆಸಿಕೊಂಡರೆ ಆ ರೈತ ಆರು ವರ್ಷ ಏನು ತಿನ್ನಬೇಕು? ಮಧ್ಯದಲ್ಲಿ ತರಕಾರಿ, ಜೋಳ, ಕೋಳಿ ಏನಾದರೂ ಬೇಕು. 2004ರ ಸುನಾಮಿಯ ನಂತರ ಇಂಡೋನೇಷ್ಯಾದ ಅಚೆ ಪ್ರಾಂತ್ಯದಲ್ಲಿ ಹಲವು ಸಂಸ್ಥೆಗಳು ಮೀನುಗಾರರಿಗೆ ದೋಣಿ ಕೊಟ್ಟವು. ಬಹಳ ದೋಣಿಗಳು ಆ ಸಮುದ್ರಕ್ಕೆ ಚಿಕ್ಕವು, ಕೆಲವು ಬೇಗ ಒಡೆದವು. ದೋಣಿಯ ಜೊತೆ ಬೇಕಾದ ಬಲೆ, ಐಸ್, ದುರಸ್ತಿಯ ಜಾಗ ಎಲ್ಲ ಕಡೆ ಇರಲಿಲ್ಲ. ಅಲ್ಲಿನ ದೋಣಿ ಕಟ್ಟುವವರನ್ನೇ ಕೇಳಿದ್ದರೆ ಇಷ್ಟು ಗೊತ್ತಾಗುತ್ತಿತ್ತು.

ಮಕ್ಕಳ ಆಶ್ರಮ ದಯವಿಟ್ಟು ಬೇಡ. ಇದನ್ನು ಖಂಡಿತವಾಗಿ ಹೇಳುತ್ತೇನೆ. ವಿಪತ್ತಿನ ನಂತರ ಇಂಥ ಆಶ್ರಮಗಳಿಗೆ ಸೇರುವ ಮಕ್ಕಳಲ್ಲಿ ಬಹುಪಾಲಿಗೆ ತಂದೆ ಅಥವಾ ತಾಯಿ ಬದುಕಿರುತ್ತಾರೆ. ಅಚೆ ಪ್ರಾಂತ್ಯದಲ್ಲೂ ಹೈಟಿ ದೇಶದಲ್ಲೂ ಕಂಡದ್ದು ಇದೇ. ಊಟ, ಶಾಲೆ ಸಿಗುತ್ತದೆ ಎಂದು ಬಡ ಕುಟುಂಬ ಮಗುವನ್ನು ಬಿಟ್ಟುಹೋಗುತ್ತದೆ. ಕಟ್ಟಡ ಎದ್ದರೆ ಅದನ್ನು ತುಂಬಲು ಮಕ್ಕಳು ಬರುತ್ತಾರೆ. ಅದೇ ಹಣವನ್ನು ತಾಯಿಗೆ, ಅಜ್ಜಿಗೆ, ಚಿಕ್ಕಪ್ಪನ ಮನೆಗೆ ತಿಂಗಳು ತಿಂಗಳು ಕೊಟ್ಟರೆ ಮಗು ತನ್ನವರ ಜೊತೆಯೇ ಬೆಳೆಯುತ್ತದೆ. ಶಾಲೆ ಕಟ್ಟುವ ಮಾತು ಬಂದರೆ, ಮೇಷ್ಟರ ಸಂಬಳ ಯಾರು ಕೊಡುತ್ತಾರೆ ಎಂದು ಮೊದಲು ಕೇಳಿ. ಉತ್ತರ ಸಿಗದಿದ್ದರೆ ಕಟ್ಟಬೇಡಿ.

ಹೋಗುವುದಾ ಬೇಡವಾ? ಈಗ ಬೇಡ. ಅಲ್ಲಿನ ಭಾಷೆ ಗೊತ್ತಿಲ್ಲದ, ಕಸುಬು ಗೊತ್ತಿಲ್ಲದ ಹತ್ತು ಜನ ಹೋದರೆ ಮಲಗಲು ಜಾಗ, ಕುಡಿಯಲು ನೀರು, ಕೂರಲು ಜೀಪು ಅಲ್ಲಿನವರ ಪಾಲಿನಿಂದಲೇ ಬರಬೇಕು. ಶಿಬಿರದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು ಎನ್ನುತ್ತದೆ ನೆರವಿನ ಕೆಲಸದಲ್ಲಿ ಎಲ್ಲರೂ ಬಳಸುವ ‘ಸ್ಫಿಯರ್’ ಮಾನದಂಡ. ಅದೇ ಸಿಗುತ್ತಿರುವುದಿಲ್ಲ. ಹೊರಗಿನಿಂದ ಬಂದವರು ಎಷ್ಟು ದೊಡ್ಡ ಹಾನಿ ಮಾಡಬಹುದು ಎಂಬುದಕ್ಕೆ ಹೈಟಿ ಸಾಕ್ಷಿ. 2010ರ ಭೂಕಂಪವಾದ ಒಂಬತ್ತು ತಿಂಗಳಿಗೆ ಅಲ್ಲಿ ಕಾಲರಾ ಹರಡಿತು. ಅದು ಬಂದದ್ದು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರದ ಮಲಿನ ನೀರಿನಿಂದ. ಸುಮಾರು 10,000 ಜನ ಸತ್ತರು. 2016ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಹೈಟಿಯ ಜನರ ಕ್ಷಮೆ ಕೇಳಿದರು. ಒಂದು ವರ್ಷ ಆದ ಮೇಲೆ, ಅಲ್ಲಿನವರು ಕರೆದರೆ, ನಿಮ್ಮಲ್ಲಿ ಇಬ್ಬರು ಹೋಗಿ ಬನ್ನಿ. ನಿಮ್ಮಲ್ಲಿ ಎಂಜಿನಿಯರ್ ಅಥವಾ ಲೆಕ್ಕಪತ್ರ ಗೊತ್ತಿರುವವರು ಇದ್ದರೆ ಅವರೇ ಹೋಗಲಿ. ಅವತ್ತು ಏನಾಯಿತು ಎಂದು ಯಾರನ್ನೂ ಕೆದಕಿ ಕೇಳಬೇಡಿ. ನಡೆದದ್ದನ್ನೆಲ್ಲ ಒಮ್ಮೆ ಹೇಳಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂಬ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ಅವರಾಗಿಯೇ ಹೇಳಿದರೆ ಕೂತು ಕೇಳಿ.

ಹಣ ಹೇಗೆ ಹಂಚಿಕೊಳ್ಳಬೇಕು ಎಂದರೆ, ನನ್ನ ಅಂದಾಜಿನಲ್ಲಿ ಕಾಲು ಭಾಗ ಈಗ. ಮಳೆ ಅಥವಾ ಚಳಿಗಾಲದ ಮೊದಲು ತಗಡು, ಕಂಬಳಿ, ನಗದು, ಅಲ್ಲಿನ ಸಂಸ್ಥೆ ಏನು ಹೇಳುತ್ತದೋ ಅದಕ್ಕೆ. ಅರ್ಧ ಭಾಗ ಮುಂದಿನ ಎರಡು ವರ್ಷದ ಸಂಬಳ, ತರಬೇತಿ, ಮನೆ ಕಟ್ಟಲು ಆಗದವರ ಕೊರತೆಗೆ. ಉಳಿದ ಕಾಲು ಭಾಗ ಸುಮ್ನೆ ಇಟ್ಟಿರಿ. ಮೂರನೇ ವರ್ಷದಲ್ಲಿ ಎಲ್ಲರೂ ಹೊರಟುಹೋದ ಮೇಲೆ ಒಂದು ಅಗತ್ಯ ಬಂದೇ ಬರುತ್ತದೆ. ಯಾರದೋ ಸಾಲ, ಒಡೆದ ಕುಡಿಯುವ ನೀರಿನ ಪೈಪು, ನಿಂತುಹೋದ ಒಂದು ಮನೆ. ತಿಂಗಳಿಗೊಮ್ಮೆ ಆ ಸಂಸ್ಥೆಯವರ ಜೊತೆ ಫೋನಿನಲ್ಲಿ ಮಾತಾಡಲು ಒಬ್ಬರನ್ನು ಗೊತ್ತುಮಾಡಿ. ಅವರು ಗುಂಪು ಬಿಟ್ಟರೆ ಆ ಕೆಲಸಕ್ಕೆ ಯಾರು ಎಂಬುದನ್ನೂ ಈಗಲೇ ತೀರ್ಮಾನಿಸಿ.

ಹೀಗೆ ಹಣ ಇಟ್ಟುಕೊಳ್ಳುವುದನ್ನು ಕೊಟ್ಟವರಿಗೆ ಈ ವಾರವೇ ಬರೆದು ತಿಳಿಸಿ, ಇದನ್ನು ಮುಂದೂಡಬೇಡಿ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ 2 ಲಕ್ಷ 20 ಸಾವಿರಕ್ಕೂ ಹೆಚ್ಚು ಜನ ಸತ್ತರು. ಜಗತ್ತು ಸುಮಾರು 1,400 ಕೋಟಿ ಡಾಲರ್ ನೆರವು ಕೊಟ್ಟಿತು ಅಥವಾ ಕೊಡುವುದಾಗಿ ಹೇಳಿತು. ಸುನಾಮಿಯಾಗಿ ಹೆಚ್ಚುಕಡಿಮೆ ಒಂದು ವಾರಕ್ಕೆ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಎಂಬ ವೈದ್ಯಕೀಯ ನೆರವಿನ ಸಂಸ್ಥೆ, ಇದಕ್ಕೆಂದೇ ಬಂದ ಹಣ ನಮ್ಮ ಕೆಲಸಕ್ಕೆ ಸಾಕಾಗಿದೆ, ಇನ್ನು ಸುನಾಮಿಯ ಹೆಸರಲ್ಲಿ ಕೊಡಬೇಡಿ ಎಂದು ಹೇಳಿಬಿಟ್ಟಿತು. ಹೆಚ್ಚಾದ ಹಣವನ್ನು ಬೇರೆ ಕಡೆಯ ತುರ್ತಿಗೆ ಬಳಸಬಹುದೇ ಎಂದು ಕೊಟ್ಟವರನ್ನೇ ಕೇಳಿತು. ಬಹುಪಾಲು ಜನ ಒಪ್ಪಿದರು. ನೀವೂ ಒಂದು ಪುಟ ಬರೆಯಿರಿ. ಎಷ್ಟು ಬಂತು, ಬಟ್ಟೆ ಏನಾಯಿತು, ಯಾವ ಊರು, ಯಾರ ಮೂಲಕ, ಯಾವಾಗ ಎಷ್ಟು ಕೊಡುತ್ತೇವೆ, ಲೆಕ್ಕ ಯಾವ ತಿಂಗಳು ತೋರಿಸುತ್ತೇವೆ. ಇದು ಒಪ್ಪಿಗೆಯಾಗದವರು ಇಂತಿಷ್ಟು ದಿನದೊಳಗೆ ತಿಳಿಸಿದರೆ ಅವರ ಹಣ ವಾಪಸ್ ಕೊಡುತ್ತೇವೆ ಎಂದೂ ಸೇರಿಸಿ.